ರೆಕಾರ್ಡ್ ರೂಮಿನಲ್ಲಿ ಕೇಳಿದ ಗಂಟೆ

ನಾನು ವಕೀಲ. ಸಾಕ್ಷಿ ಹೇಳುವವರನ್ನು ಅರ್ಧಕ್ಕೆ ತಡೆದು, ‘ಇದನ್ನು ನೀವೇ ಕಣ್ಣಾರೆ ನೋಡಿದಿರೋ, ಯಾರೋ ಹೇಳಿದ್ದು ಕೇಳಿದಿರೋ?’ ಎನ್ನುವುದೇ ನನ್ನ ಕಸುಬು. ದೆವ್ವ ಕಂಡೆ ಎಂದವರನ್ನೂ ದೇವರು ಮೈಮೇಲೆ ಬಂತು ಎಂದವರನ್ನೂ ನಾನು ಹೀಗೆಯೇ ಪಾಟೀಸವಾಲಿಗೆ ಎಳೆದು, ಅವರು ತಡವರಿಸುವುದನ್ನು ಕಂಡು ಒಳಗೊಳಗೇ ಖುಷಿಪಟ್ಟಿದ್ದೇನೆ. ಶನಿವಾರ ಎಳ್ಳುಬತ್ತಿ ಹಚ್ಚಲು ಹೊರಟ ಹೆಂಡತಿಯನ್ನೂ ಬಿಟ್ಟವನಲ್ಲ. ಈಗ ನಾನು ಬರೆಯಹೊರಟಿರುವುದನ್ನು ನನ್ನಂಥ ಇನ್ನೊಬ್ಬ ವಕೀಲ ಓದಿದರೆ ಎರಡೇ ಪ್ರಶ್ನೆಗೆ ನನ್ನ ಬಾಯಿ ಮುಚ್ಚಿಸುತ್ತಾನೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಚಳ್ಳಕೆರೆಯಲ್ಲಿ ನಾನು ವಕೀಲಿ ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಮೊಳಕಾಲ್ಮುರು ಕಡೆಯ ಹಟ್ಟಿಯೊಂದರಿಂದ ಬೋರಮ್ಮ ಎಂಬುವರು ನನ್ನ ಕಚೇರಿಗೆ ಬಂದರು. ವಯಸ್ಸಾದ ಹೆಂಗಸು, ಆದರೆ ನೆಟ್ಟಗಿನ ಬೆನ್ನು. ಕುರ್ಚಿ ತೋರಿಸಿದರೂ ಕೂರದೆ ಬಾಗಿಲ ಬಳಿ ಕಂಬಳಿ ಮಡಿಸಿ ಹಾಕಿಕೊಂಡು ಕುಳಿತರು. ಅವರ ಹಟ್ಟಿಯಲ್ಲಿ ದೇವರ ಎತ್ತುಗಳಿವೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಅವು ದೇವರಿಗೆ ಬಿಟ್ಟ ದನ. ಅವನ್ನು ನೇಗಿಲಿಗೆ ಹೂಡುವಂತಿಲ್ಲ, ಸಂತೆಯಲ್ಲಿ ಮಾರುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಬೋರಮ್ಮನವರ ಮಾವ ಕಿಲಾರಿಯಾಗಿದ್ದರು, ಆಮೇಲೆ ಗಂಡ, ಗಂಡ ತೀರಿಕೊಂಡ ಮೇಲೆ ಮಗ.

ಎತ್ತುಗಳ ದೊಡ್ಡಿಯಿಂದ ನೀರಿನ ಕಟ್ಟೆಗೆ ಹೋಗಲು ಒಂದು ಓಣಿ ಇತ್ತು. ಪಕ್ಕದ ಹೊಲವನ್ನು ಹೊಸದಾಗಿ ಕೊಂಡವನು ಓಣಿಯೂ ತನ್ನದೇ ಎಂದು ಅಡ್ಡಲಾಗಿ ಮುಳ್ಳುತಂತಿ ಬಿಗಿದಿದ್ದ. ಬೇಸಿಗೆ ಬೇರೆ. ಎತ್ತುಗಳನ್ನು ಗುಡ್ಡ ಬಳಸಿ ಕಲ್ಲಿನ ಮೇಲೆ ಹೊಡೆದುಕೊಂಡು ಹೋಗಬೇಕಾಗಿ, ಮುದಿ ಎತ್ತೊಂದು ಬಿದ್ದು ಕಾಲು ಮುರಿದುಕೊಂಡಿತ್ತು.

“ನಮ್ಮ ಮಾವನ ಕಾಲ್ದಾಗೇ ಇದು ತೀರ್ಮಾನ ಆಗೈತೆ ಸಾಮಿ,” ಎಂದರು ಬೋರಮ್ಮ. “ಇದೇ ಕೋರ್ಟ್‌ನಾಗೆ. ಓಣಿ ಎತ್ತಿಂದು ಅಂತ ಜಡ್ಜು ಬರ್ದವ್ರೆ. ಅದನ್ನ ತೆಗ್ಸಿಕೊಡಿ, ಸಾಕು.”

“ಕಾಗದ ಇಟ್ಟಿದ್ದೀರಾ?”

“ಕಾಗದ ನಮ್ಮತ್ರ ಯಾಕಿರ್ತೈತೆ? ಸರ್ಕಾರದ ಮನ್ಯಾಗ್ ಐತೆ. ಅಲ್ಲಿಟ್ಟ ಮಾತು ಎಲ್ಲಿಗ್ ಹೋಗ್ತೈತೆ?”

ನನಗೆ ನಗು ಬಂತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕೇಳಿಯೇ ಬೆಳೆದವನು ನಾನು. ಕೋರ್ಟಿನ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ಅಲ್ಲಿಯವರೆಗೆ ವಕೀಲರಲ್ಲೂ ಕಂಡಿರಲಿಲ್ಲ. ಆದರೂ ದಾವೆ ಹಾಕಿದೆ. ನ್ಯಾಯಾಧೀಶರು ತಾತ್ಕಾಲಿಕವಾಗಿ ತಂತಿ ತೆಗೆಸಿದರು. ಜೊತೆಗೆ, ಹಳೆಯ ತೀರ್ಪಿದೆ ಎನ್ನುವುದಾದರೆ ಮುಂದಿನ ತಾರೀಕಿಗೆ ಅದರ ದೃಢೀಕೃತ ನಕಲು ಹಾಜರುಪಡಿಸಬೇಕು, ಇಲ್ಲವಾದರೆ ಆದೇಶ ರದ್ದಾಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿದರು. ತೀರ್ಪು ಸಿಕ್ಕರೆ ಎತ್ತುಗಳಿಗೆ ನೀರು, ಇಲ್ಲದಿದ್ದರೆ ಮತ್ತೆ ಗುಡ್ಡದ ಕಲ್ಲು.

ಕೋರ್ಟಿನ ಹಳೆಯ ದಾಖಲೆ ಯಾರ ಖಾಸಗಿ ಸ್ವತ್ತೂ ಅಲ್ಲ. ಕಾರಣ ಹೇಳಿ, ಸ್ಟಾಂಪು ಹಚ್ಚಿ ಅರ್ಜಿ ಕೊಟ್ಟರೆ ಯಾರು ಬೇಕಾದರೂ ನಕಲು ಪಡೆಯಬಹುದು. ಒಬ್ಬ ಹಟ್ಟಿಯ ಹೆಂಗಸು ಬಂದು, ‘ನಮ್ಮ ಮಾವನಿಗೆ ನೀವು ಅಂದು ಏನು ಹೇಳಿದಿರಿ?’ ಎಂದು ಕೇಳಿದರೆ ಕೋರ್ಟು ಉತ್ತರ ಕೊಡಲೇಬೇಕು. ಇದು ಎಂಥ ದೊಡ್ಡ ಏರ್ಪಾಡು ಎಂಬುದು ನನಗೆ ಹೊಳೆದದ್ದು ಬೋರಮ್ಮನವರ ಕೇಸಿನಲ್ಲೇ. ಆದರೆ ಅರ್ಜಿಯಲ್ಲಿ ಕೇಸಿನ ನಂಬರು, ಇಸವಿ ಬರೆಯಬೇಕು. ಬೋರಮ್ಮನವರಿಗೆ ಎರಡೂ ಗೊತ್ತಿರಲಿಲ್ಲ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲವೆಂದು ಅದನ್ನೂ ಮಗನಿಂದಲೇ ಹೇಳಿಸಿದರು: ಬೋರಯ್ಯ.

ಆ ಸೀಮೆಯಲ್ಲಿ ಬೋರಯ್ಯ ಎಂದು ಕರೆದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ, ಅವನದು ಅವನ ಮೊಮ್ಮಗನಿಗೆ. ಹಳೆಯ ದಾವೆ ರಿಜಿಸ್ಟರುಗಳಲ್ಲಿ ಪಾಲಯ್ಯನ ಮಗ ಬೋರಯ್ಯ, ಬೋರಯ್ಯನ ಮಗ ಪಾಲಯ್ಯ, ಮತ್ತೆ ಅವನ ಮಗ ಬೋರಯ್ಯ ಎಂದು ಸಾಲುಸಾಲು. ಒಂದೊಂದು ಕಟ್ಟು ಬಿಚ್ಚಿದಾಗಲೂ ಇನ್ಯಾವುದೋ ಬೋರಯ್ಯನ ಕುರಿ ಜಗಳವೋ ಬೇಲಿ ಜಗಳವೋ ಹೊರಬೀಳುತ್ತಿತ್ತು.

ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದವರು ರಹಮತ್ ಸಾಹೇಬರು. ಅವರ ಅಣ್ಣ ಬಸ್‌ಸ್ಟ್ಯಾಂಡಿನ ಬಳಿ ಲಾರಿ ರಿಪೇರಿ ಅಂಗಡಿ ಇಟ್ಟಿದ್ದರು. ಆ ಮನೆಯಲ್ಲಿ ಕೈಗೆ ಎಣ್ಣೆ ಮೆತ್ತಿಕೊಳ್ಳದವರು ಇವರೊಬ್ಬರೇ. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳನ್ನು ಅವರು ಎತ್ತಿಡುವುದನ್ನು ನೋಡಬೇಕಿತ್ತು. ನೆಲದ ಮೇಲಿದ್ದ ಕಟ್ಟನ್ನು ಒಮ್ಮೆಯೂ ದಾಟಿದವರಲ್ಲ. ಜಾಗ ಎಷ್ಟೇ ಇಕ್ಕಟ್ಟಾಗಿರಲಿ, ಸುತ್ತಿ ಬರುತ್ತಿದ್ದರು. ಒಮ್ಮೆ ನಾನು ದಾಟಿದಾಗ ಮೆಲ್ಲಗೆ, “ಬೇಡಿ ವಕೀಲ್ ಸಾಬ್, ಇದ್ರಾಗೆ ಜನ ಅವ್ರೆ,” ಎಂದಿದ್ದರು. ನಾನು ಅವರನ್ನೂ ಹಾಸ್ಯ ಮಾಡಿದ್ದೆ.

ತಾರೀಕಿನ ಹಿಂದಿನ ದಿನ ಬಂತು. ಸಂಜೆ ಕೋರ್ಟು ಎದ್ದ ಮೇಲೆ ಶಿರಸ್ತೇದಾರರ ಅನುಮತಿ ಪಡೆದು ಸಾಹೇಬರ ಜೊತೆ ನಾನೂ ಒಳಗೆ ಹೋದೆ. ಬೋರಮ್ಮ ಹೊರಗೆ ಜಗಲಿಯಲ್ಲಿ, ಸರಿಯಾಗಿ ಕಿಟಕಿಯ ಕೆಳಗೆ ಕುಳಿತಿದ್ದರು. ಕರೆಂಟು ಹೋಗಿತ್ತು, ಆದರೆ ಹೊರಗೆ ಇನ್ನೂ ಬಿಸಿಲಿತ್ತು. ಸಾಹೇಬರು ಒಂದು ಕೊನೆಯಲ್ಲಿ, ನಾನು ಇನ್ನೊಂದು ಕೊನೆಯಲ್ಲಿ ಹುಡುಕುತ್ತಿದ್ದೆವು. ಉಳಿದ ಬೋರಯ್ಯಂದಿರೂ ಮುಗಿಯುತ್ತ ಬಂದರು. ‘ಬೆಳಿಗ್ಗೆ ಆ ಮುದುಕಿಗೆ ಏನು ಮುಖ ತೋರಿಸಲಿ’ ಎಂಬ ಯೋಚನೆ ನನ್ನನ್ನು ತಿನ್ನುತ್ತಿತ್ತು. ಸುಳ್ಳೇಕೆ, ನನಗೆ ಅಳು ಬರುವುದೊಂದು ಬಾಕಿ.

ಆಗ ಗಂಟೆ ಕೇಳಿಸಿತು.

ದನದ ಕೊರಳ ಗಂಟೆ. ಕಂಚಿನದು. ಎತ್ತು ಮೇಯುತ್ತ ತಲೆ ಎತ್ತಿದಾಗ ಆಗುವಂತೆ ಒಮ್ಮೆ ನಿಧಾನವಾಗಿ ಬಡಿದು, ಸ್ವಲ್ಪ ಬಿಟ್ಟು ಮತ್ತೆ ಬಡಿಯಿತು. ಹೊರಗೆ ಯಾವುದೋ ದನ ಹೋಗುತ್ತಿದೆ ಎಂದುಕೊಂಡು ನಾನು ಹುಡುಕುವುದನ್ನು ಮುಂದುವರಿಸಿದೆ. ಮತ್ತೆ ಕೇಳಿಸಿತು. ಈ ಸಲ ಅದು ಹೊರಗಿನದಲ್ಲ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕೋಣೆಯ ನಡುವಿನ ರ್‍ಯಾಕುಗಳ ಕಡೆಯಿಂದ, ಮೇಲಿನಿಂದ ಬರುತ್ತಿತ್ತು. ನಾನು ಕೈಯಲ್ಲಿದ್ದ ಕಟ್ಟನ್ನು ಬಿಟ್ಟು ಆ ಕಡೆ ಹೆಜ್ಜೆ ಹಾಕಿದೆ. ಎದುರು ಕೊನೆಯಿಂದ ಸಾಹೇಬರೂ ಬರುತ್ತಿದ್ದರು. ಇಬ್ಬರೂ ಒಂದೇ ರ್‍ಯಾಕಿನ ಎದುರು ನಿಂತೆವು. 

“ನಿಮಗೂ ಕೇಳ್ತಾ?” ಎಂದರು ಸಾಹೇಬರು.

ನಾನು ತಲೆಯಾಡಿಸಿದೆ. ಅದು ದೇವಸ್ಥಾನ, ಇನಾಂ ಜಮೀನುಗಳ ವ್ಯಾಜ್ಯಗಳನ್ನು ಜೋಡಿಸಿದ್ದ ರ್‍ಯಾಕು. ನಾವು ಹುಡುಕುತ್ತಿದ್ದದ್ದು ಮನುಷ್ಯರ ಹೆಸರು, ಹಾಗಾಗಿ ಆ ಕಡೆ ತಲೆಯೇ ಹಾಕಿರಲಿಲ್ಲ. ಸಾಹೇಬರು ಏಣಿ ಹತ್ತಿದರು. ಮೇಲಿನ ಸಾಲಿನಲ್ಲಿ ಒಂದು ಕಟ್ಟು ಮುಟ್ಟಿ ಕೈ ಹಿಂದೆಗೆದುಕೊಂಡರು. ಆಮೇಲೆ ಮನಸ್ಸಿನಲ್ಲೇ ಏನೋ ಹೇಳಿಕೊಂಡು ಅದನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಳಿಸಿದರು. ಕಾಗದದ ಕಟ್ಟಿಗೆ ಇರಬೇಕಾದದ್ದಕ್ಕಿಂತ ಹೆಚ್ಚು ಭಾರವಾಗಿತ್ತು.

ಬಿಚ್ಚಿದೆವು. ವಾದಿಯ ಹೆಸರಿನ ಜಾಗದಲ್ಲಿ ಬೋರಮ್ಮನವರ ಹಟ್ಟಿಯ ದೇವರ ಹೆಸರಿತ್ತು. ದೇವರ ಪರವಾಗಿ ಕಿಲಾರಿ ಬೋರಯ್ಯ ಎಂದು ಕೆಳಗೆ ಸಣ್ಣದಾಗಿ. ಕಾನೂನಿನಲ್ಲಿ ದೇವರು ದಾವೆ ಹೂಡಬಹುದು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ, ನನಗೆ ಹೊಳೆದಿರಲಿಲ್ಲ. ತೀರ್ಪು ಅಲ್ಲೇ ಇತ್ತು. ಅದರ ಕೆಳಗೆ ಇನ್ನೊಂದು ಬಟ್ಟೆಯಲ್ಲಿ ಸುತ್ತಿ, ಚೀಟಿ ಅಂಟಿಸಿದ ಕಂಚಿನ ಗಂಟೆ. ಓಣಿಯಲ್ಲಿ ಹೋಗುತ್ತಿದ್ದ ಎತ್ತು ದೇವರದೇ ಎಂದು ರುಜುವಾತು ಮಾಡಲು ಅದರ ಕೊರಳ ಗಂಟೆಯನ್ನು ಅಂದು ಹಾಜರುಪಡಿಸಿದ್ದರು. ಆಮೇಲೆ ಅದನ್ನು ವಾಪಸು ಕೇಳಲು ಯಾರೂ ಬಂದಿರಲಿಲ್ಲ.

ಸಾಹೇಬರು ಗಂಟೆಯನ್ನು ಎತ್ತಿ ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಮಗುಚಿ ನೋಡಿದರೆ ಒಳಗೆ ನಾಲಿಗೆ ಇರಲಿಲ್ಲ. ನಾಲಿಗೆ ತೂಗುಬಿಡುವ ಖಾಲಿ ಕೊಂಡಿ ಮಾತ್ರ ಇತ್ತು.  

ಹೊರಗೆ ಹೋಗಿ ಬೋರಮ್ಮನವರಿಗೆ ತೋರಿಸಿದೆವು. ಅವರು ಗಂಟೆಯನ್ನು ಕಣ್ಣಿಗೊತ್ತಿಕೊಂಡರು. ನಾಲಿಗೆ ಎಲ್ಲಿ ಎಂದು ಕೇಳಿದೆ.

“ಅದು ಹಟ್ಟಿಯಾಗೆ ದೇವ್ರ ಗುಡಿಸ್ಲಾಗೈತೆ. ಎತ್ತಿನ ಕೊಳ್ಳಿಂದ ಇಳಿಸಿದ ಗಂಟೆ ಬ್ಯಾರೆ ಮನ್ಯಾಗೆ ದನಿ ಮಾಡಬಾರ್ದು. ಅದುಕ್ಕೆ ಮಾವ ನಾಲ್ಗೆ ತಕ್ಕಂಡು ಕೋರ್ಟಿಗ್ ಕೊಟ್ಟಿದ್ರು.”

“ಇದನ್ನು ಮೊದಲೇ ಹೇಳಬಾರದಿತ್ತೇ ತಾಯಿ?”

“ನೀವು ಓಣಿ ಕೇಳಿದ್ರಿ. ಗಂಟೆ ಕೇಳ್ಲಿಲ್ಲ.”

ದಾವೆ ದೇವರ ಹೆಸರಿನಲ್ಲಿತ್ತು ಎಂದಾಗ ಮಾತ್ರ ಅವರು ಗಂಟೆಯನ್ನು ಮಡಿಲಿಗೆ ಇಳಿಸಿದರು. ದೇವರನ್ನು ಜಗಳಕ್ಕೆ ಎಳೆಯಬಾರದೆಂಬುದು ಹಟ್ಟಿಯ ಕಟ್ಟಳೆ. ಮಾವ ಅದನ್ನು ಮೀರಿ, ಊರಲ್ಲಿ ಮಾತ್ರ ‘ನನ್ನ ಕೇಸು’ ಎಂದು ಹೇಳಿಕೊಂಡೇ ಸತ್ತಿದ್ದರು. “ಎತ್ತು ಸಾಯ್ತಿದ್ವು, ಏನ್ ಮಾಡ್ಯಾರು,” ಎಂದರು. ಆ ಮಾತಿನಲ್ಲಿ ಮಾವನನ್ನು ಕ್ಷಮಿಸಿದ್ದೂ ಇತ್ತು, ಮೆಚ್ಚಿದ್ದೂ ಇತ್ತು. ಗಂಟೆ ಬಡಿದದ್ದು ಕೇಳಿಸಿತೇ ಎಂದು ವಿಚಾರಿಸಿದೆ. ಕಿಟಕಿಯ ಕೆಳಗೇ ಕುಳಿತಿದ್ದ ಅವರಿಗೆ ಏನೂ ಕೇಳಿಸಿರಲಿಲ್ಲ.

ನಾನು ಆತುರಕ್ಕೆ ಬಿದ್ದು ತೀರ್ಪಿನ ನಾಲ್ಕು ಸಾಲು ಗೀಚಿಕೊಳ್ಳಲು ಹೋದೆ. ಸಾಹೇಬರು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. “ಬೆಳಿಗ್ಗೆ ತುರ್ತು ಅರ್ಜಿ ಕೊಡಿ ಸಾಬ್. ಕಾಯ್ದೆ ಪ್ರಕಾರ ಹೋಗ್ಲಿ. ಯಾರು ತೋರ್ಸಿದ್ರು ಅಂತ ನಾಳೆ ಯಾರೂ ಕೇಳಬಾರ್ದು.” ಅಂದು ನನಗೆ ಸಿಟ್ಟು ಬಂತು. ಈಗ ನೆನೆದರೆ, ಅಂಥ ಗಳಿಗೆಯಲ್ಲೂ ನಿಯಮ ಬಿಡದ ಆ ಮನುಷ್ಯನಿಗೆ ಕೈ ಮುಗಿಯಬೇಕೆನಿಸುತ್ತದೆ.

ಮರುದಿನ ಮಧ್ಯಾಹ್ನದೊಳಗೆ ನಕಲು ಕೈಗೆ ಬಂತು. ನ್ಯಾಯಾಧೀಶರು ಅದನ್ನು ಓದಿ, ಓಣಿ ತೆರೆದೇ ಇರಬೇಕೆಂದು ಆದೇಶ ಮಾಡಿದರು. ಗಂಟೆಯ ವಿಷಯವನ್ನು ನಾವ್ಯಾರೂ ಅಲ್ಲಿ ಎತ್ತಲಿಲ್ಲ. ಆಮೇಲೆ ನಾನು ಕೋರ್ಟಿನ ಹಿಂಭಾಗವನ್ನೆಲ್ಲ ಸುತ್ತಿ ನೋಡಿದೆ. ದನ ನಿಲ್ಲುವ ಜಾಗವಿರಲಿಲ್ಲ. ಗಾಳಿಗೆ ಯಾವುದಾದರೂ ತಗಡು ಬಡಿದಿರಬಹುದೇ ಎಂದು ನೋಡಿದೆ, ತಗಡೂ ಇರಲಿಲ್ಲ. ಗೆಳೆಯರು ‘ಎದುರುಗಡೆ ಹೋದ ಸೈಕಲ್ಲಿನ ಬೆಲ್ಲು ಕಣಯ್ಯ’ ಎಂದರು. ಸೈಕಲ್ ಬೆಲ್ಲಿಗೂ ಎತ್ತಿನ ಗಂಟೆಗೂ ವ್ಯತ್ಯಾಸ ತಿಳಿಯದವನು ಈ ತಾಲ್ಲೂಕಿನಲ್ಲಿ ಹುಟ್ಟಿರಲಾರ.

ಗಂಟೆಯನ್ನು ಹಿಂಪಡೆಯಲು ಬೋರಮ್ಮ ಅರ್ಜಿ ಹಾಕಿದರು, ಕೋರ್ಟು ಕೊಟ್ಟಿತು. ಕೆಲವು ದಿನಗಳ ನಂತರ ನನ್ನನ್ನೂ ಸಾಹೇಬರನ್ನೂ ಹಟ್ಟಿಗೆ ಕರೆಸಿಕೊಂಡರು. ಹೊತ್ತು ಇಳಿಯುತ್ತಿತ್ತು. ನಾವು ಕಟ್ಟೆಯ ಏರಿಯ ಮೇಲಿದ್ದೆವು. ಸಾಹೇಬರು ಓಣಿಗೆ ಬೆನ್ನು ಮಾಡಿ ಕುಳಿತು ಕೈಕಾಲು ತೊಳೆಯುತ್ತಿದ್ದರು. “ರಾ ನಾಯನಾ, ರಾ,” ಎಂದು ಮನೆಮಾತು ತೆಲುಗಿನಲ್ಲಿ, ‘ಬಾರಪ್ಪಾ, ಬಾ’ ಎಂಬಂತೆ, ಕರೆಯುತ್ತ ಬೋರಮ್ಮನವರ ಮಗ ಎತ್ತುಗಳನ್ನು ಹೊಡೆದುಕೊಂಡು ಬಂದ. ಎಲ್ಲದರ ಕೊರಳಲ್ಲೂ ಗಂಟೆ; ನಾಲಿಗೆ ಮತ್ತೆ ಹಾಕಿಸಿಕೊಂಡ ಹಳೆಯ ಗಂಟೆಯೂ ಅವುಗಳಲ್ಲೊಂದು. ಆ ಗದ್ದಲದ ನಡುವೆ ಒಂದು ದನಿ ಬೇರೆಯಾಗಿ ಕೇಳಿಸಿತು. ಒಮ್ಮೆ ಬಡಿದು, ಸ್ವಲ್ಪ ಬಿಟ್ಟು, ಮತ್ತೆ. ಸಾಹೇಬರ ಕೈ ನೀರಿನಲ್ಲೇ ನಿಂತಿತು. ತಿರುಗಿ ಎತ್ತುಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಅದೇ,” ಎಂದರು. ನಾನೂ ಅದೇ ಹೇಳುವವನಿದ್ದೆ.

ಬೋರಮ್ಮನವರನ್ನು ಕೇಳಿದೆ: “ಅವತ್ತು ನಿಮಗೇಕೆ ಕೇಳಿಸಲಿಲ್ಲ ತಾಯಿ? ಗಂಟೆ ನಿಮ್ಮದು, ದೇವರೂ ನಿಮ್ಮದು.”

ಅವರು ಎತ್ತುಗಳ ಮೇಲಿನ ಕಣ್ಣು ತೆಗೆಯದೆ ಹೇಳಿದರು: “ಗಂಟೆ ಕಟ್ಟೋದು ಹುಡುಕೋರಿಗೆ ಸಾಮಿ. ಐತೆ ಅಂತ ನನಗೆ ಗೊತ್ತಿತ್ತಲ್ಲ.”

ಸಾಹೇಬರು ನಿವೃತ್ತರಾದರು. ನನಗೂ ವಯಸ್ಸಾಯಿತು. ನಾಲಿಗೆಯಿಲ್ಲದ್ದು ಹೇಗೆ ಬಡಿಯಿತು, ಯಾರಿಗಾಗಿ ಬಡಿಯಿತು ಎಂದು ಪಾಟೀಸವಾಲಿಗೆ ಎಳೆದರೆ ನಾನೂ ಎಲ್ಲರಂತೆ ತಡವರಿಸುತ್ತೇನೆ. ಆ ಸಂಜೆ ಎತ್ತುಗಳು ಓಣಿಯಲ್ಲಿ ಬಂದವು, ನೀರಿಗೆ ಬಾಯಿ ಹಾಕಿದವು, ಹೊಟ್ಟೆ ತುಂಬ ಕುಡಿದವು. ಅಷ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ.