ಗಫೂರ್ ಸಾಬರ ಜೀಪಿನ ಬ್ರೇಕು

ಮೊನ್ನೆ ಹೊಲಿಗೆ ಮೆಷಿನ್ನು ರಿಪೇರಿಯವನು ನಮ್ಮ ಜಗಲಿಯಲ್ಲಿ ಕೂತು, ಬಿಚ್ಚಿದ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ. ಆ ವಾಸನೆ ಒಳಗೆ ಬಂದೊಡನೆ ನಾನು ಎದ್ದು ಹಿತ್ತಿಲಿಗೆ ಹೋದೆ. ಹೆಂಡತಿ ಇದು ವಯಸ್ಸಿನ ಕಾಟ ಎಂದಳು. ಇರಬಹುದು ಎಂದೆ. ನಿಮಗಾದರೂ ನಿಜ ಹೇಳುತ್ತೇನೆ, ಕೇಳಿ.

ಐವತ್ತರ ದಶಕದ ಮಾತು. ಯುದ್ಧ ಮುಗಿದ ಮೇಲೆ ಹರಾಜಾಗಿ, ಕೈಯಿಂದ ಕೈಗೆ ದಾಟಿ ಬಂದ ಮಿಲಿಟರಿ ಜೀಪುಗಳು ನಮ್ಮ ಕಡೆ ಮೂರಿದ್ದವು. ಒಂದು ಹೊಸ ಅಗ್ರಹಾರದ ಶಿವಪ್ಪನವರದು. ಅವರು ಭತ್ತದ ಗದ್ದೆಯವರು. ಇನ್ನೊಂದು ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಗಫೂರ್ ಸಾಬರದು. ಮೂರನೆಯದು ನನ್ನದು. ಪಿರಿಯಾಪಟ್ಟಣದ ಹತ್ತಿರ ನನಗೆ ಹೊಲವಿತ್ತು, ದಾರಿ ಇರಲಿಲ್ಲ.

ಮೆಕ್ಯಾನಿಕ್ಕು ಬೇಕೆಂದರೆ ಮೈಸೂರಿಗೇ ಹೋಗಬೇಕಿತ್ತು. ಹಾಗಾಗಿ ನಾವೇ ಬಿಚ್ಚಿ ನಾವೇ ಜೋಡಿಸುತ್ತಿದ್ದೆವು. ಜೋಡಿಸಿದ ಮೇಲೆ ಎರಡು ನಟ್ಟು ಉಳಿದರೆ ಮೆಲ್ಲಗೆ ಜೇಬಿಗೆ ಸೇರಿಸುತ್ತಿದ್ದವನು ನಾನೊಬ್ಬನೇ. ಭಾನುವಾರ ಬಿಳಿಕೆರೆಯ ಹೋಟೆಲಿನ ಮುಂದೆ ಮೂವರೂ ಸೇರುತ್ತಿದ್ದೆವು. ಅಲ್ಲಿ ನಮ್ಮದೇ ಒಂದು ಕಟ್ಟಳೆ. ಸಲಹೆ ಕೊಡುವವರು ಸ್ಪ್ಯಾನರು ಮುಟ್ಟುವಂತಿಲ್ಲ, ಗಾಡಿಯ ಯಜಮಾನನೇ ಮೈ ಮಸಿ ಮಾಡಿಕೊಳ್ಳಬೇಕು. ಆದರೆ ಸಲಹೆ ಕೆಟ್ಟರೆ, ಅದನ್ನು ಹೇಳಿದವನೇ ಗಾಡಿಯ ಕೆಳಗೆ ಮಲಗಿ ಸರಿಮಾಡಿಕೊಡಬೇಕು. "ಯಾರ್ ಮಾತಪ್ಪಾ ಇದು?" ಎಂದು ಶಿವಪ್ಪನವರು ಕೇಳುವರು. ಒಪ್ಪಿಕೊಳ್ಳಲು ಯಾರಿಗೂ ನಾಚಿಕೆ ಇರಲಿಲ್ಲ.

ನನ್ನ ಜೀಪಿನ ಜೊತೆ ಅದರ ರಿಪೇರಿಯ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದನ್ನು ಓದಬಲ್ಲವನು ನಾನೊಬ್ಬನೇ ಆದ್ದರಿಂದ ಚಿಕ್ಕವನಾದರೂ ನನಗೆ ಅಲ್ಲಿ ವಕೀಲರಿಗಿದ್ದಷ್ಟು ಮರ್ಯಾದೆ. ಆ ಮರ್ಯಾದೆ ತಲೆಗೇರಿತ್ತು ಅಂತಲೇ ಹೇಳಬೇಕು.

ಒಂದು ಭಾನುವಾರ ಶಿವಪ್ಪನವರು ಬಂದಿರಲಿಲ್ಲ. ಸಾಬರು, "ಬ್ರೇಕಿನ್ ರಬ್ಬರೆಲ್ಲ ಕೊಳೆ ಕಟ್ಟವೆ. ಯಾತ್ರಲ್ಲಿ ತೊಳೀಲಿ? ಮನೇಗೋಗಿ ಪುಸ್ತಕ ನೋಡಿ ಹೇಳಪ್ಪ" ಎಂದರು.

"ನೋಡೋದೇನು, ಸೀಮೆಎಣ್ಣೇಲಿ ತೊಳೀರಿ. ಪುಸ್ತಕದಲ್ಲೇ ಇದೆ" ಎಂದೆ.

ಆ ಪುಟವನ್ನು ನಾನು ತೆರೆದೇ ಇರಲಿಲ್ಲ. ಎಲ್ಲವನ್ನೂ ಸೀಮೆಎಣ್ಣೆಯಲ್ಲೇ ತೊಳೆಯುತ್ತಿದ್ದೆವಲ್ಲ, ಇದೂ ಹಾಗೇ ಎಂದುಕೊಂಡಿದ್ದೆ.

ಹತ್ತು ದಿನವಾಗಿರಬಹುದು. ವೀರನಹೊಸಹಳ್ಳಿಯ ಕಡೆಯಿಂದ ಬರುವಾಗ ಇಳಿಜಾರಿನಲ್ಲಿ ಸಾಬರ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಎತ್ತಿನ ಗಾಡಿ, ಅದರ ತುಂಬ ಹೆಂಗಸರು. ಸಾಬರು ಜೀಪನ್ನು ಹಳ್ಳಕ್ಕೆ ಇಳಿಸಿದರು. ಗಾಡಿಯವರು ಉಳಿದರು, ಸಾಬರ ಎಡಗಾಲು ಜೀಪಿನಡಿ ಸಿಕ್ಕಿತು. ಸುದ್ದಿ ಕೇಳಿದವನೇ ಪುಸ್ತಕ ತೆಗೆದೆ. ರಬ್ಬರಿಗೆ ಸೀಮೆಎಣ್ಣೆ ಸೋಕಿಸಬಾರದು, ಉಬ್ಬಿ ಹಾಳಾಗುತ್ತದೆ, ಬ್ರೇಕಿನ ಎಣ್ಣೆಯಲ್ಲೇ ತೊಳೆಯಬೇಕು ಎಂದು ದಪ್ಪಕ್ಷರದಲ್ಲಿತ್ತು.

ಮೈಸೂರಿನ ಆಸ್ಪತ್ರೆಗೆ ಶಿವಪ್ಪನವರ ಜೊತೆ ಹೋದೆ. ಅವರು ಆಗಲೇ ಜೀಪು ಬಿಚ್ಚಿ ನೋಡಿ ಬಂದಿದ್ದರು.

"ರಬ್ಬರು ಸೀಮೆಎಣ್ಣೆ ಕುಡ್ದವೆ. ಯಾರ್ ಮಾತು ಸಾಬ್ರೇ?"

ಸಾಬರು ನನ್ನ ಕಡೆ ನೋಡಲಿಲ್ಲ. "ನಂದೇ ಕಣ್ರೀ. ಯಾರ್ನೂ ಕೇಳ್ನಿಲ್ಲ, ಬುಡಿ."

ನಾನು ಮಂಚದ ಕೊನೆಯಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಕಾಲು ಉಳಿಯಿತು, ಗಿಡ್ಡವಾಯಿತು. ಕ್ಲಚ್ಚು ಒತ್ತಲಾಗದೆ ಜೀಪು ಮಾರಿದರು. ಆಮೇಲೂ ಸಾಬರು ಪ್ರತಿ ಭಾನುವಾರ ಬಸ್ಸಿನಲ್ಲಿ ಬಿಳಿಕೆರೆಗೆ ಬಂದು ನಮ್ಮ ಗಾಡಿಗಳ ಪಕ್ಕ ಕೂರುತ್ತಿದ್ದರು. ಎಂದಿನಂತೆ ನನ್ನನ್ನೇ ಕೇಳುತ್ತಿದ್ದರು, ಪುಸ್ತಕದಲ್ಲಿ ಏನೈತಪ್ಪ ಎಂದು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೇಳಬೇಕು ಎಂದು ಹೋಗಿ, ಹೇಳದೆ ಬಂದ ಭಾನುವಾರಗಳು ಬಹಳ. ಶಿವಪ್ಪನವರು ಹೋದರು, ಸಾಬರೂ ಹೋದರು. ಮಣ್ಣು ಹಾಕುವಾಗಲೂ ನಾನು ಅಲ್ಲಿದ್ದೆ, ಸುಮ್ಮನೆ.

ನಿನ್ನೆ ಹುಣಸೂರಿನ ಬಸ್ಸು ಹತ್ತಿದೆ. ಸಾಬರ ಮಗಳು ಜುಬೇದಾ ಈಗ ಅಜ್ಜಿಯಾಗಿದ್ದಾಳೆ, ಅದೇ ಮನೆ. ಕೂರುವ ಮೊದಲೇ ಹೇಳಿದೆ: ಆ ಸಲಹೆ ನನ್ನದು, ಪುಸ್ತಕ ನೋಡದೆಯೇ ಹೇಳಿದ್ದು, ನಿಮ್ಮಪ್ಪನ ಕಾಲು ಕುಂಟಾದದ್ದು ನನ್ನಿಂದ.

ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಗೊತ್ತು ಚಾಚಾ. ಅಬ್ಬಾ ಆಗ್ಲೇ ಹೇಳಿದ್ರು. ಅವ್ನೇ ಬಂದು ಹೇಳೋಗಂಟ ಯಾರೂ ಕೇಳ್ಬ್ಯಾಡಿ, ಬಂದ್ ದಿನ ಊಟಕ್ಕಿಕ್ಕದೆ ಕಳಿಸ್ಬ್ಯಾಡಿ ಅಂದಿದ್ರು. ಅಮ್ಮ ಬೋ ವರ್ಸ ಕಾದ್ರು."

ಕೈ ತೊಳೆದು ಕೂತೆ. ಅನ್ನ ಕಲಸಿದೆ, ತುತ್ತು ಎತ್ತಲು ಆಗಲಿಲ್ಲ. ಜುಬೇದಾ ಇನ್ನೊಂದು ಸೌಟು ಸಾರು ಬಿಟ್ಟು, ನಾನು ಉಣ್ಣುವವರೆಗೂ ಎದುರಿಗೇ ಕೂತಿದ್ದಳು.