ವಾಡೆಯ ತಗ್ಗುಕೋಣೆ

ನಿವೃತ್ತಿಯ ಹಿಂದಿನ ವರ್ಷ ನಾನು ಬಾಗಲಕೋಟೆಯಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ, ಜನ ಓಡಾಡಲು ಯೋಗ್ಯವೋ ಅಲ್ಲವೋ ಎಂದು ವರದಿ ಬರೆಯುವುದು ನನ್ನ ಕೆಲಸ. ಮಾರ್ಚ್‌ನಲ್ಲಿ ಹುನಗುಂದದ ಹತ್ತಿರದ ಹಳ್ಳಿಯೊಂದರ ದೇಸಾಯರ ವಾಡೆಯ, ಅಂದರೆ ಹಳೆಯ ದೊಡ್ಡಮನೆಯ, ಕಡತ ಬಂತು. ವಾಡೆಯನ್ನೂ ಅದರ ಹೂದೋಟವನ್ನೂ ಪ್ರವಾಸಿಗರಿಗೆ ತೆರೆಯಬೇಕೆಂಬುದು ಮನೆತನದವರ ಆಸೆ. ಮುಂದಿನ ಸೋಮವಾರವೇ ಕಾಲೇಜಿನ ನಲವತ್ತು ವಿದ್ಯಾರ್ಥಿಗಳು ನೋಡಲು ಬರುವವರಿದ್ದರು.

ವಾಡೆ ನೋಡಿಕೊಳ್ಳುತ್ತಿದ್ದವರು ಗೌರವ್ವ. ಐವತ್ತೈದರ ಆಸುಪಾಸು, ಮಾತು ಕಡಿಮೆ. ಅವರ ಅತ್ತೆಮಾವಂದಿರೂ ಅಲ್ಲೇ ದುಡಿದವರು. ತೋಟವನ್ನು ಗೌರವ್ವ ಚೆನ್ನಾಗಿ ಇಟ್ಟಿದ್ದರು. ಇಳಕಲ್ಲಿನ ಕೆಂಪು ಕಲ್ಲಿನ ಕಾರಂಜಿ, ಸುತ್ತ ದುಂಡುಮಲ್ಲಿಗೆ, ಮೂಲೆಯಲ್ಲೊಂದು ಸಂಪಿಗೆ ಮರ, ಅದರ ತುಂಬ ಗಿಳಿಗಳ ಗದ್ದಲ. ಪಡಸಾಲೆ ದಾಟಿ ಒಳಗೆ ಹೋದಂತೆ ಆ ಸದ್ದು ಸಣ್ಣದಾಗಿ, ಹಿಂಬದಿಯ ಕೊನೆಯ ಬಾಗಿಲ ಮುಂದೆ ಪೂರ್ತಿ ನಿಂತುಹೋಯಿತು.

ಆ ಕೋಣೆ ಪಡಸಾಲೆಗಿಂತ ನಾಲ್ಕು ಅಡಿ ತಗ್ಗಿನಲ್ಲಿತ್ತು. ಬಾಗಿಲು ತೆರೆದರೆ ಐದು ಮೆಟ್ಟಿಲು. ವರ್ಷಗಟ್ಟಲೆ ಮುಚ್ಚಿದ್ದ ಕೋಣೆಯ ನೆಲದಲ್ಲಿ ಒಂದು ಇರುವೆಯೂ ಇರಲಿಲ್ಲ. ಕೆಳಗಿನ ಮೆಟ್ಟಿಲ ಬಳಿ, ಮೇಲಿನ ಬೆಳಕಿಂಡಿಯಿಂದ ಹೊಕ್ಕ ಮೂರು ಗುಬ್ಬಿಗಳು ಒಣಗಿ ಬಿದ್ದಿದ್ದವು.

“ಒಳಗ ಹೋಗಬ್ಯಾಡ್ರಿ ಸಾಹೇಬ್ರ,” ಎಂದರು ಗೌರವ್ವ. “ಅಲ್ಲಿ ದೀಪಾ ಇಟ್ಟರ ಯಾರೋ ಊದಿದಂಗ ಆರತೈತ್ರಿ.”

ನಾನು ನಕ್ಕೆ. ಅಳತೆ ತೆಗೆಯದೆ ವರದಿ ಹೇಗೆ ಬರೆಯಲಿ ಎಂದೆ. ಗೌರವ್ವ ಬಾವಿಯ ಹಗ್ಗ ತಂದು ನನ್ನ ಮುಂದೆ ಹಿಡಿದರು.

“ಹೋಗೂದಾದ್ರ ನಡಕ್ಕ ಇದನ್ನ ಕಟ್ಟಿಕೋರ್ರಿ. ನಮ್ಮ ಅತ್ತಿ ಹೇಳಿದ ಮಾತ್ರಿ.”

ಅವರ ಮನಸ್ಸು ನೋಯಿಸಬಾರದೆಂದು ಕಟ್ಟಿಕೊಂಡು ಇಳಿದೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ತಣ್ಣಗಿತ್ತು. ನೆಲದ ನಡುವೆ ಒಂದು ದುಂಡುಕಲ್ಲು, ಅದರಲ್ಲಿ ಬೆರಳಗಲದ ಬಿರುಕು. ಬಿರುಕಿನ ಅಗಲ ಅಳೆಯಲು ಮಂಡಿಯೂರಿ ಮುಖ ಬಗ್ಗಿಸಿದೆ. ಟೇಪಿನ ಅಂಕಿಗಳು ಮಸುಕಾದವು. ಆಗ ಕಿವಿಯ ಹತ್ತಿರವೇ ಒಬ್ಬ ಮುದುಕಿಯ ದನಿ, ಮನೆಗೆ ಬಂದವರನ್ನು ಕರೆಯುವಷ್ಟು ಸಮಾಧಾನದಿಂದ, “ಬಂದ್ಯಾ? ಕೂಡು,” ಎಂದಿತು. ನನಗೆ ಹೆದರಿಕೆಯಾಗಲಿಲ್ಲ. ಕೂರಬೇಕು ಅನ್ನಿಸಿತು. ಕೂತೆ.

ಎಚ್ಚರವಾದಾಗ ಕಾರಂಜಿಯ ಕಟ್ಟೆಯ ಮೇಲಿದ್ದೆ. ಗೌರವ್ವನ ಅಂಗೈ ಎರಡೂ ಹಗ್ಗ ಉಜ್ಜಿ ಸುಲಿದಿದ್ದವು.

“ನೀವು ಕೂಡು ಅಂದಿರೇನು?” ಎಂದು ಕೇಳಿದೆ.

ಅವರು ಕಾರಂಜಿಯ ನೀರಲ್ಲಿ ಅಂಗೈ ಅದ್ದಿದರು. “ನಾ ಏನೂ ಅಂದಿಲ್ರಿ. ನಮ್ಮ ಮಾವನೂ ಒಳಗ ಹೋಗಿ ಬಂದು ಹಿಂಗ ಹೇಳಿದ್ರಂತ. ಕೂಡು ಅಂದ್ರು ಅಂತ. ಮರುದಿನ ತಾವೊಬ್ಬರ ಮತ್ತ ಹೋದ್ರು. ಹೊಳ್ಳಿ ಬರಲಿಲ್ಲ.”

ಹುನಗುಂದದ ದವಾಖಾನೆಯಲ್ಲಿ ಆಮ್ಲಜನಕ ಕೊಟ್ಟರು. ಮಿದುಳಿಗೆ ಅದು ಕಡಿಮೆಯಾದರೆ ಇಲ್ಲದ್ದು ಕೇಳಿಸುತ್ತದೆ ಎಂದರು ವೈದ್ಯರು. ಎರಡು ದಿನದ ಮೇಲೆ ಅಗ್ನಿಶಾಮಕ ಸಿಬ್ಬಂದಿ ಕೋಣೆಗೆ ಗ್ಯಾಸ್ ಮೀಟರ್ ಇಳಿಸಿದಾಗ ಅದು ಕೂಗಿಕೊಂಡಿತು. ದುಂಡುಕಲ್ಲಿನ ಕೆಳಗಿದ್ದದ್ದು ಹಗೇವು, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ತೋಟದ ನೀರು ಇಳಿದು ಒಳಗಿದ್ದದ್ದೆಲ್ಲ ಕೊಳೆತು, ಇಂಗಾಲದ ಡೈಆಕ್ಸೈಡ್ ಬಿರುಕಿನಿಂದ ಏರಿ ತಗ್ಗುಕೋಣೆಯಲ್ಲಿ ನೀರಿನಂತೆ ನಿಂತಿತ್ತು. ಮನೆತನದವರು ಮಾಡಿದ ಪ್ರವಾಸಿಗರ ದಾರಿಯ ನಕ್ಷೆಯಲ್ಲಿ ಕೊನೆಯ ಆಕರ್ಷಣೆಯೆಂದು ಗುರುತು ಹಾಕಿದ್ದು ಇದೇ ಕೋಣೆಗೆ. ಆ ನಲವತ್ತು ವಿದ್ಯಾರ್ಥಿಗಳ ಕಾಲೇಜಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸೋಮವಾರದ ಭೇಟಿ ರದ್ದಾಯಿತು. ಹಗೇವನ್ನು ಬರಿದು ಮಾಡಿ ಮಣ್ಣು ತುಂಬಿಸಿ, ಕೋಣೆಯ ಬಾಗಿಲಿಗೆ ಗೋಡೆ ಕಟ್ಟಿಸಿದೆವು.

ವೈದ್ಯರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒಂದೇ ಗಾಳಿ ಇಬ್ಬರ ಕಿವಿಯಲ್ಲಿ ಅದೇ ಮಾತನ್ನು ಯಾಕೆ ಆಡಿತು? ವರದಿಯಲ್ಲಿ ಇದನ್ನು ನಾನು ಬರೆಯಲಿಲ್ಲ.

ಉಳಿದ ಒಂದು ವರ್ಷದ ಸೇವೆಯಲ್ಲಿ, ಯಾವ ಹಳೆಯ ಕಟ್ಟಡಕ್ಕೆ ಹೋದರೂ ಟೇಪು ಬಿಚ್ಚುವ ಮೊದಲು ಅಲ್ಲಿ ಕಸ ಗುಡಿಸುವವರನ್ನು ಹುಡುಕಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ನೀವು ಇಲ್ಲಿ ಯಾವ ಕಡೆ ಹೋಗೂದಿಲ್ರಿ?”