ದೊಡ್ಡಮ್ಮನ ನೀಲಿ ಸ್ಕೇಲು

ನನ್ನ ದೊಡ್ಡಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಸ್ಕೇಲಮ್ಮ ಅಂತಲೇ ಕರೆಯುತ್ತಾರೆ. ಮೂವತ್ತೊಂದು ವರ್ಷದಿಂದ ಅಲ್ಲಿ ಟೈಪಿಸ್ಟು. ಟೈಪ್‌ರೈಟರಿನ ಕಾಲದಲ್ಲಿ ಅವಳ ಮೇಜಿನ ಮೇಲೆ ಒಂದು ಮರದ ಸ್ಕೇಲು ಇರುತ್ತಿತ್ತು. ಟೈಪಾದ ಹಾಳೆಯನ್ನು ಹೊರತೆಗೆದು, ಸಾಲಿನ ಕೆಳಗೆ ಸ್ಕೇಲಿಟ್ಟು, ಆ ಒಂದು ಸಾಲನ್ನು ಮಾತ್ರ ಓದಿ, ಆಮೇಲೆ ಸ್ಕೇಲನ್ನು ಕೆಳಕ್ಕೆ ಜಾರಿಸುವಳು. ಯಾರಾದರೂ ಡಾಕ್ಟರು ಅವಸರ ಮಾಡಿದರೆ, "ಕಣ್ಣು ಅನ್ನೋದು ಕುದುರೆ ಇದ್ದ ಹಾಗೆ ಡಾಕ್ಟ್ರೇ, ಲಗಾಮು ಇಲ್ದಿದ್ರೆ ಎರಡು ಸಾಲು ಒಟ್ಟಿಗೆ ಹಾರತ್ತೆ" ಎನ್ನುವಳು. ಹಾಗೆ ಅವಳ ಕೈ ದಾಟಿ ಬಂದ ಕಾಗದದಲ್ಲಿ ತಪ್ಪು ಹುಡುಕುವುದೂ ಒಂದೇ, ಮೊಸರಲ್ಲಿ ಕಲ್ಲು ಹುಡುಕುವುದೂ ಒಂದೇ.

ಕಂಪ್ಯೂಟರ್ ಬಂದ ಮೊದಲ ದಿನ ಪರದೆಗೇ ಸ್ಕೇಲು ಒತ್ತಿ ಹಿಡಿದು, ಗೀರು ಬೀಳಿಸಿ, ಬೈಸಿಕೊಂಡಳು. ಎರಡನೇ ವಾರದ ಹೊತ್ತಿಗೆ ತಾನೇ ಒಂದು ಉಪಾಯ ಕಂಡುಕೊಂಡಿದ್ದಳು. ಮೌಸನ್ನು ಸಾಲಿನ ಮೊದಲಿನಿಂದ ಕೊನೆಯ ತನಕ ಎಳೆದರೆ ಅಕ್ಷರಗಳ ಹಿಂದೆ ನೀಲಿ ಬಣ್ಣ ತುಂಬಿಕೊಳ್ಳುತ್ತದಲ್ಲ, ನಾವೆಲ್ಲ ಕಾಪಿ ಮಾಡುವುದಕ್ಕೆ ಬಳಸುತ್ತೇವಲ್ಲ, ಅದನ್ನೇ ದೊಡ್ಡಮ್ಮ ಸ್ಕೇಲು ಮಾಡಿಕೊಂಡಳು. ಒಂದು ಸಾಲಿಗೆ ನೀಲಿ, ಕಿವಿಯಲ್ಲಿ ಡಾಕ್ಟರು ರೋಗಿಯ ಬಗ್ಗೆ ಹೇಳಿ ಕಳಿಸಿದ ರೆಕಾರ್ಡಿಂಗು, ತಾಳೆ ಆಯಿತೆಂದರೆ ಮುಂದಿನ ಸಾಲಿಗೆ ನೀಲಿ. ಲೋಕದಲ್ಲಿ ಇನ್ನಾರೂ ಹೀಗೆ ಓದುವುದನ್ನು ನಾನು ಕಂಡಿಲ್ಲ.

ಇನ್ನು ನನ್ನ ಘನಂದಾರಿ ಕೆಲಸದ ವಿಷಯ. ಅದೇ ಆಸ್ಪತ್ರೆಯ ಮೂವತ್ತೆಂಟು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾನು. ಎಲ್ಲದರಲ್ಲೂ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ನಡೆಸುತ್ತಿರುವುದಕ್ಕೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ ಪರದೆ ನೋಡಿ ನೋಡಿ ಕಣ್ಣುರಿ ಬರುತ್ತದೆ ಎಂದು ದೊಡ್ಡಮ್ಮ ಒಮ್ಮೆ ಅಂದಿದ್ದಳು. ಅವಳಿಗೆಂದೇ ಹುಡುಕಿ ಒಂದು ಹೊಸ ಥೀಮ್ ತಂದೆ. ಥೀಮ್ ಎಂದರೆ ಪರದೆಯ ಉಡುಪು ಅಷ್ಟೇ: ಹಿನ್ನೆಲೆಗೆ ಒಂದು ಬಣ್ಣ, ಅಕ್ಷರಕ್ಕೆ ಒಂದು, ಗುಂಡಿಗಳಿಗೆ ಒಂದು. ಇದು ಕಡು ಬೂದು, ಕಣ್ಣಿಗೆ ತಂಪು. ಒಂದು ಸೋಮವಾರ ಎಲ್ಲ ಯಂತ್ರಗಳಿಗೂ ಅದನ್ನೇ ತೊಡಿಸಿ, ಬೆನ್ನು ತಟ್ಟಿಕೊಂಡು ಕೂತೆ.

ಆ ವಾರದಿಂದ ದೊಡ್ಡಮ್ಮ ಮಂಕಾದಳು. ಗಂಟೆಗೆ ಆರು ರೋಗಿಗಳ ಶೀಟು ಮುಗಿಸುತ್ತಿದ್ದವಳು ಮೂರಕ್ಕೆ ಇಳಿದಳು. ಮನೆಯಿಂದ ಒಂದು ಟೇಬಲ್ ಲ್ಯಾಂಪ್ ತಂದಿಟ್ಟುಕೊಂಡಳು. ಕನ್ನಡಕವನ್ನು ಸೆರಗಿನಿಂದ ಉಜ್ಜಿ ಉಜ್ಜಿ ಅದರ ಗಾಜೇ ಸವೆಯಬೇಕು. ಒಂದು ಮಧ್ಯಾಹ್ನ ನಾನು ಅವಳ ಕೋಣೆಯ ಬಾಗಿಲಲ್ಲಿ ಪ್ರಿಂಟರಿನ ಜೊತೆ ಜಗಳವಾಡುತ್ತಿದ್ದೆ.

"ಪುಟ್ಟೀ, ಈ ಪರದೆ ನಿಂಗೆ ಸರಿಯಾಗಿ ಕಾಣ್ಸತ್ತೇನೇ?"

"ಎಲ್ಲಾ ಚೆನ್ನಾಗೇ ಕಾಣ್ತಿದೆ ದೊಡ್ಡಮ್ಮ, ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ನಾನು ಪ್ರಿಂಟರಿನಿಂದ ತಲೆ ಎತ್ತಿರಲಿಲ್ಲ. ಅದೇ ವಾರ ಅಮ್ಮ ಫೋನಿನಲ್ಲಿ, "ನಿನ್ನ ದೊಡ್ಡಮ್ಮಂಗೆ ಏನೋ ಹೊಸ ಹುಚ್ಚು ಹಿಡಿದಿದೆ ಕಣೇ. ಮನೇಲಿ ಕಣ್ಣು ಮುಚ್ಕೊಂಡು ಗೋಡೆ ಮುಟ್ಕೊಂಡು ಓಡಾಡ್ತಾಳೆ. ಕೇಳಿದ್ರೆ ವ್ಯಾಯಾಮ ಅಂತಾಳೆ" ಎಂದಳು. ನಾವಿಬ್ಬರೂ ಹೊಟ್ಟೆ ತುಂಬ ನಕ್ಕೆವು. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೂರು ವಾರ ಕಳೆದ ಮೇಲೆ, ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಒಂದು ಫೈಲು ಹಿಡಿದುಕೊಂಡು ಟೈಪಿಂಗ್ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಸ್ಕೇಲಮ್ಮ, ಇವತ್ತು ಮೊದಲ್ನೇ ಆಪರೇಷನ್ ಇರೋ ಈ ಬಡಗಿಯವರಿಗೆ ಒಂದು ಇಂಜೆಕ್ಷನ್ ಒಗ್ಗಲ್ಲ, ಕೊಟ್ರೆ ಉಸಿರು ಕಟ್ಟತ್ತೆ. ಡಾಕ್ಟ್ರು ರೆಕಾರ್ಡಿಂಗ್‌ನಲ್ಲಿ ಹೇಳಿದಾರಂತೆ. ನಿಮ್ಮ ಶೀಟಲ್ಲಿ ಆ ಸಾಲೇ ಇಲ್ಲ. ಅವರ ಮಗಳು ಬಂದು ಕೇಳ್ದೆ ಇದ್ದಿದ್ರೆ ಹನ್ನೊಂದು ಗಂಟೆಗೆ ಅದನ್ನೇ ಚುಚ್ತಾ ಇದ್ವಿ."

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. "ಸಿಸ್ಟರ್, ದೊಡ್ಡಮ್ಮನ ಕೈಯಲ್ಲಿ ಸಾಲು ಬಿಟ್ಟುಹೋಗಲ್ಲ, ನೀವು ಯಾವುದೋ ಬೇರೆ ಹಾಳೆ ತಂದಿದೀರ" ಎಂದು ಮೇಲೆ ಬಿದ್ದೆ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. ಅಡಿಯಲ್ಲಿ ದೊಡ್ಡಮ್ಮನದೇ ಪುಟ್ಟ ಸಹಿ ಇತ್ತು.

"ಇವತ್ತು ಇನ್ನೂ ಐದು ಆಪರೇಷನ್ ಇವೆ. ಉಳಿದ ಶೀಟು ನಂಬಬಹುದಾ? ಅದಷ್ಟು ಹೇಳಿ" ಎಂದರು ಸಿಸ್ಟರ್.

ದೊಡ್ಡಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. "ನಂಬಬೇಡಿ" ಎಂದಳು. "ಅರ್ಧ ಗಂಟೆ ಕೊಡಿ. ಐದನ್ನೂ ಮತ್ತೆ ಕೇಳಿ ತಾಳೆ ನೋಡಿ ಹೇಳ್ತೀವಿ." ಸಿಸ್ಟರ್ ತಲೆಯಾಡಿಸಿ ಓಡಿದರು. ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿದಳು.

"ಪುಟ್ಟೀ, ನೀನೇ ಓದಬೇಕು ಕಣೇ. ನನ್ನ ಕಣ್ಣು ಹೋಯ್ತು."

ನಮ್ಮ ಅಜ್ಜಿಗೆ, ಅಂದರೆ ಇವಳ ತಾಯಿಗೆ, ಅರವತ್ತಕ್ಕೆ ಕಣ್ಣು ಹೋಗಿತ್ತು. ಹನ್ನೊಂದು ವರ್ಷ ಅಜ್ಜಿಯನ್ನು ಕೈಹಿಡಿದು ನಡೆಸಿದವಳು ದೊಡ್ಡಮ್ಮನೇ. ಈಗ ಇವಳಿಗೆ ಐವತ್ತೆಂಟು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಗೋಡೆ ಸವರುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಹೆದರಿದಾಗ ನನಗೆ ಬರುವುದು ಅಳು ಅಲ್ಲ, ಸಿಟ್ಟು. "ಏನ್ ಮಾತು ಅಂತ ಆಡ್ತೀಯಾ! ಎದುರು ಗೋಡೆ ಮೇಲಿರೋ ನೋಟೀಸು ಓದು ನೋಡೋಣ" ಎಂದು ಕೂಗಾಡಿದೆ. ಅವಳು ಅಡಿಯ ಸಣ್ಣಕ್ಷರದ ತನಕ ಗಳಗಳ ಓದಿದಳು. ಫೋನಿನ ನಂಬರನ್ನೂ ಬಿಡಲಿಲ್ಲ.

"ಮತ್ತೆ ಇನ್ನೇನು ಕಾಣಲ್ಲ ನಿಂಗೆ?"

"ನೀಲಿ ಕಾಣಲ್ಲ" ಎಂದಳು. "ಮೂರು ವಾರ ಆಯ್ತು. ಸಾಲು ಎಳೀತೀನಿ, ಬಣ್ಣ ಬರೋದೇ ಇಲ್ಲ. ಅಮ್ಮಂಗೂ ಮೊದ್ಲು ಬಣ್ಣಾನೇ ಹೋಗಿದ್ದು. ನಿನ್ನ ಕೇಳ್ದೆ, ನಿಂಗೆ ಎಲ್ಲಾ ಚೆನ್ನಾಗೇ ಕಾಣತ್ತೆ ಅಂದೆ. ಆವಾಗ ಗೊತ್ತಾಯ್ತು, ಕೆಟ್ಟಿರೋದು ಪರದೆ ಅಲ್ಲ, ನಾನು ಅಂತ."

"ಎಳಿ, ನೋಡೋಣ."

ದೊಡ್ಡಮ್ಮ ಮೌಸ್ ಹಿಡಿದು ಒಂದು ಸಾಲನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಕಡು ಬೂದು ಹಿನ್ನೆಲೆ, ಬಿಳಿ ಅಕ್ಷರ. ಎಳೆದ ಸಾಲಿಗೂ ಎಳೆಯದ ಸಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇನ್ನೊಂದ್ಸಲ ಎಳಿ."

ಎಳೆದಳು.

"ದೊಡ್ಡಮ್ಮಾ, ನಂಗೂ ಕಾಣ್ತಿಲ್ಲ."

ಅವಳು ನನ್ನ ಮುಖ ನೋಡಿದಳು. ಸಮಾಧಾನಕ್ಕೆ ಹೇಳುತ್ತಿದ್ದೇನೆಂದುಕೊಂಡಿರಬೇಕು. "ನಿನ್ನಾಣೆ ಕಾಣ್ತಿಲ್ಲ! ಕಣ್ಣು ಹೋಗಿಲ್ಲ ನಿಂಗೆ. ನಾನು ಹಾಕಿದ ದರಿದ್ರ ಥೀಮು ಇದು!" ಎಂದು ಅವಳ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ.

ಸಾಲು ಹೇಗೆ ಮಾಯವಾಯಿತೆಂಬುದೂ ಆಗಲೇ ಅರ್ಥವಾಯಿತು. ಹೀಗೆ ಮೌಸಿನಿಂದ ಎಳೆದು ಹಿಡಿದ ಸಾಲಿನ ಮೇಲೆ ಯಾವ ಕೀ ಒತ್ತಿದರೂ ಇಡೀ ಸಾಲು ಹೋಗಿ, ಒತ್ತಿದ ಅಕ್ಷರ ಅಲ್ಲಿ ಬಂದು ಕೂರುತ್ತದೆ. ಟೈಪ್‌ರೈಟರಿನ ದಿನಗಳಿಂದಲೂ ದೊಡ್ಡಮ್ಮನ ಹೆಬ್ಬೆರಳು ಸ್ಪೇಸ್ ಬಾರ್ ಮೇಲೆಯೇ ವಿಶ್ರಮಿಸುವುದು. ಫೋನು ಗಣಗಣ ಅಂದಾಗಲೋ ಯಾರಾದರೂ ಕರೆದಾಗಲೋ ಬೆರಳು ಒತ್ತಿಬಿಟ್ಟರೆ, ಆಗಲೇ ತಾಳೆ ನೋಡಿ ಮುಗಿಸಿದ ಸಾಲು ನಾಪತ್ತೆ. ಮೊದಲಾದರೆ ನೀಲಿ ಪಟ್ಟೆ ಫಕ್ಕನೆ ಮಾಯವಾಗಿ ಎಚ್ಚರಿಸುತ್ತಿತ್ತು. ಈ ಬೂದು ಬಣ್ಣದಲ್ಲಿ ಎಚ್ಚರಿಸುವವರು ಯಾರು?

ಗಡಿಯಾರ ಹತ್ತೂ ನಲವತ್ತು ತೋರಿಸುತ್ತಿತ್ತು. "ನಾನೇ ಓದ್ತೀನಿ, ನೀನು ಕೇಳು" ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. "ನಿಂದು ಹಾರೋ ಕಣ್ಣು. ನನ್ನ ಸ್ಕೇಲು ನಂಗೆ ಕೊಡು, ನಾನು ನೋಡ್ಕೋತೀನಿ." ಕಣ್ಣು ಹೋಗಿಲ್ಲವೆಂದು ತಿಳಿದು ಎರಡು ನಿಮಿಷವೂ ಆಗಿರಲಿಲ್ಲ, ಅಷ್ಟರಲ್ಲೇ ಹಳೆಯ ಗತ್ತು ಮರಳಿತ್ತು.

ಸೆಟ್ಟಿಂಗ್ಸಿಗೆ ಹೋಗಿ ಹಳೆಯ ಥೀಮ್ ಆರಿಸಿದೆ. ಕಿಟಕಿಯ ಅಂಚು ಬದಲಾಯಿತು, ಟೈಪ್ ಮಾಡುವ ಪ್ರೋಗ್ರಾಂ ಮಾತ್ರ ಬೂದು ಬೂದಾಗಿಯೇ ಕೂತಿತು. ಅದನ್ನು ಮುಚ್ಚಿ ತೆರೆದೆ. ಊಹೂಂ. ಅವಸರಕ್ಕೆ ಪಾಸ್‌ವರ್ಡನ್ನು ಎರಡು ಸಲ ತಪ್ಪಾಗಿ ಹೊಡೆದೆ. ಕೊನೆಗೆ ಥೀಮಿನ ಬಣ್ಣಗಳಿರುವ ಫೈಲನ್ನೇ ತೆರೆದು ಸಾಲು ಸಾಲಾಗಿ ಹುಡುಕಿದೆ. ಹಿನ್ನೆಲೆಗೆ ಕೊಟ್ಟ ಬಣ್ಣದ ಸಂಖ್ಯೆ ಯಾವುದೋ, ಹಿಡಿದ ಸಾಲಿನ ಹಿನ್ನೆಲೆಗೆ ಕೊಟ್ಟದ್ದೂ ಅದೇ ಸಂಖ್ಯೆ. ಮಾಡಿದ ಪುಣ್ಯಾತ್ಮ ಬದಲಿಸಲು ಮರೆತಿದ್ದ. ಹಾಕಿದ ಪುಣ್ಯಾತ್ಗಿತ್ತಿ ಒಮ್ಮೆ ಮೌಸ್ ಎಳೆದು ನೋಡಿರಲಿಲ್ಲ. ಅಲ್ಲಿ ನೀಲಿಯ ಸಂಖ್ಯೆ ಬರೆದು, ಉಳಿಸಿ, ಲಾಗೌಟ್ ಮಾಡಿ ಒಳಗೆ ಬಂದೆ.

ದೊಡ್ಡಮ್ಮ ಮೌಸ್ ಎಳೆದಳು. ಸಾಲಿನುದ್ದಕ್ಕೂ ನೀಲಿ ಹರಿಯಿತು. ಅವಳು ಒಂದು ಕ್ಷಣ ಬೆರಳಿನಿಂದ ಪರದೆಯನ್ನು ಮುಟ್ಟಿ ನೋಡಿದಳು. ಆಮೇಲೆ ಹೆಡ್‌ಫೋನ್ ಏರಿಸಿಕೊಂಡಳು.

ಆಪರೇಷನ್ ಪಟ್ಟಿಯ ಕ್ರಮದಲ್ಲೇ ಹೋದಳು. ಎರಡನೆಯದು ಸರಿ. ಮೂರನೆಯದು ಸರಿ. ನನ್ನ ಕಣ್ಣು ಗಡಿಯಾರದ ಮೇಲೆ, ಅವಳ ಕಣ್ಣು ನೀಲಿಯ ಮೇಲೆ. ಬೇಗ ಬೇಗ ಎನ್ನಲು ಬಾಯಿ ತೆರೆದೆ, ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ನಾಲ್ಕನೆಯದು ಸರಿ. ಐದನೆಯದು ಮಧ್ಯಾಹ್ನ ಎರಡು ಗಂಟೆಯ ಸರದಿಯ ದರ್ಜಿ ಹೆಂಗಸಿನದು. ಒಂಬತ್ತನೇ ಸಾಲಿನಲ್ಲಿ ದೊಡ್ಡಮ್ಮನ ಕೈ ನಿಂತಿತು. ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು.

"ರಕ್ತ ತೆಳು ಮಾಡೋ ಮಾತ್ರೆ ನಿನ್ನೆ ತನಕ ತಗೊಂಡಿದಾರೆ, ರಕ್ತ ಮತ್ತೆ ಪರೀಕ್ಷೆ ಮಾಡದೆ ಕೈ ಹಾಕಬೇಡಿ ಅಂತಿದಾರೆ" ಎಂದಳು. "ಹಾಳೇಲಿ ಇಲ್ಲ."

"ಎರಡು ಗಂಟೆಗಲ್ವಾ, ಟೈಮಿದೆ" ಎನ್ನುತ್ತಲೇ ವಾರ್ಡಿಗೆ ಫೋನು ಮಾಡಿದೆ. ಆಚೆಯಿಂದ ಬೇರೆಯೇ ಉತ್ತರ ಬಂತು. ಬಡಗಿಯದು ಮುಂದಕ್ಕೆ ಹೋಯಿತಲ್ಲ, ಸಿಸ್ಟರ್ ಮಾತು ವಾರ್ಡಿಗೆ ಮುಟ್ಟುವ ಮೊದಲೇ, ಖಾಲಿಯಾದ ಹನ್ನೊಂದರ ಸರದಿಗೆ ಸಿದ್ಧವಾಗಿದ್ದ ಇವರನ್ನೇ ಕರೆದೊಯ್ದಿದ್ದಾರೆ! ಆಗ ಹನ್ನೊಂದು ಗಂಟೆ ಮೂರು ನಿಮಿಷ. ಥಿಯೇಟರಿಗೆ ಫೋನು ಹಚ್ಚಿದೆ. ಒಂದೇ ಸಮನೆ ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ. ತಿರುಗಿ ನೋಡಿದರೆ ದೊಡ್ಡಮ್ಮನ ಕುರ್ಚಿ ಖಾಲಿ.

ಮಂಡಿನೋವೆಂದು ನಾಲ್ಕು ಮೆಟ್ಟಿಲಿಗೂ ಗೊಣಗುವವಳು ಎರಡು ಮಹಡಿ ಹತ್ತಿದ್ದಳು. ನಾನು ಹಿಂದೆ ಓಡಿ ತಲುಪಿದಾಗ ಥಿಯೇಟರಿನ ಬಾಗಿಲನ್ನು ಎರಡೂ ಅಂಗೈಯಿಂದ ಬಡಿಯುತ್ತಿದ್ದಳು. ಅರಿವಳಿಕೆ ಡಾಕ್ಟರು ಮಾಸ್ಕ್ ಕೆಳಗಿಳಿಸಿ ಹೊರಗೆ ಬಂದರು.

"ಏನಮ್ಮಾ ಇದು, ಇಲ್ಲಿಗೆಲ್ಲ ಬರಬಾರದು ನೀವು."

"ನಿಲ್ಸಿ ಡಾಕ್ಟ್ರೇ. ನನ್ನ ಶೀಟಲ್ಲಿ ಒಂದು ಸಾಲು ಬಿಟ್ಟಿದೆ" ಎಂದು ಆ ಸಾಲನ್ನು ಏದುಸಿರಿನಲ್ಲೇ, ಒಂದಕ್ಷರವೂ ಹಿಂದೆಮುಂದಾಗದಂತೆ ಹೇಳಿದಳು. ಡಾಕ್ಟರು ಏನೂ ಕೇಳದೆ ಒಳಗೆ ಹೋದರು. ಐದು ನಿಮಿಷದ ನಂತರ ಸ್ಟ್ರೆಚರ್ ಹೊರಗೆ ಬಂತು. ಅದರ ಮೇಲೆ ಮಲಗಿದ್ದ ಹೆಂಗಸು ಪೂರ್ತಿ ಎಚ್ಚರವಾಗಿಯೇ ಇದ್ದಳು. "ಮುಗೀತಾ ಆಗಲೇ?" ಎಂದು ಕೇಳಿದಳು. ದೊಡ್ಡಮ್ಮ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತಳು.

ಆರನೆಯ ಶೀಟು ಸರಿಯಿತ್ತು. ಹಿಂದಿನ ಮೂರು ವಾರದ ಶೀಟುಗಳಲ್ಲಿ ಇನ್ನೆರಡು ಸಾಲು ಹೋಗಿದ್ದವು. ಯಾರ ಪುಣ್ಯವೋ, ಎರಡೂ ವಿಳಾಸದ ಸಾಲುಗಳು. ಮೇಲಧಿಕಾರಿಗಳ ಮುಂದೆ ಹೋಗಿ ತಪ್ಪು ನನ್ನದೆಂದು ಬರೆದುಕೊಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು. ಮೂವತ್ತೆಂಟು ಯಂತ್ರಗಳ ಮುಂದೂ ಕೂತು, ಒಂದೊಂದರಲ್ಲೂ ಸಾಲು ಎಳೆದು, ನೀಲಿ ಬಂತೇ ಎಂದು ಕಣ್ಣಾರೆ ನೋಡಿದ ಮೇಲೆಯೇ ಎದ್ದೆ.

ಸಂಜೆ ಅವಳ ಮನೆಗೆ ಹೋದೆ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಗಳ ಕುತ್ತಿಗೆಗೆಲ್ಲ ದಾರ ಕಟ್ಟಿತ್ತು. ಸಕ್ಕರೆಗೆ ಒಂದು ಗಂಟು, ಉಪ್ಪಿಗೆ ಎರಡು, ಚಹಾಪುಡಿಗೆ ಮೂರು.

"ಕಣ್ಣು ಹೋದ್ಮೇಲೆ ಅಮ್ಮ ಒಂದ್ಸಲ ಚಹಾಗೆ ಉಪ್ಪು ಹಾಕ್ಕೊಂಡು, ಗೊತ್ತಾದ್ರೆ ನಾವು ನೊಂದ್ಕೋತೀವಿ ಅಂತ ತುಟಿ ಪಿಟಕ್ಕನ್ನದೆ ಕುಡಿದ್ಬಿಟ್ಲು" ಎಂದಳು ದೊಡ್ಡಮ್ಮ. "ಆಮೇಲೆ ಲೋಟ ತೊಳೆಯೋವಾಗ ನಂಗೆ ಗೊತ್ತಾಯ್ತು."

ನಾನು ಸಕ್ಕರೆ ಡಬ್ಬದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದೆ.

"ಅವತ್ತು ಕೇಳಿದ್ನಲ್ಲ ನಿನ್ನ. ಪರದೆ ನೋಡಿ ಹೇಳಿದ್ಯಾ, ನನ್ನ ಮುಖ ನೋಡಿ ಹೇಳಿದ್ಯಾ?"

"ಎರಡೂ ನೋಡಿರ್ಲಿಲ್ಲ ದೊಡ್ಡಮ್ಮ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಪ್ಪಿನ ಡಬ್ಬ ಇಳಿಸಿ ನನ್ನ ಕೈಗೆ ಕೊಟ್ಟು, "ಇನ್ನು ಇವೆಲ್ಲ ಬೇಡ, ಬಿಚ್ಚು" ಎಂದಳು. ಕಣ್ಣು ಮುಚ್ಚಿಕೊಂಡೇ ಕಟ್ಟಿದ ಗಂಟು, ಬಿಗಿಯಾಗಿತ್ತು. ಉಗುರು ಹಾಕಿ ಎಳೆದೆ, ಹಲ್ಲು ಹಾಕಿದೆ, ಬರಲಿಲ್ಲ. ಅಷ್ಟರಲ್ಲಿ ಕಣ್ಣು ತುಂಬಿ ದಾರ ಯಾವುದು ಗಂಟು ಯಾವುದು ಒಂದೂ ತಿಳಿಯದಾಯಿತು.

"ಕೊಡಿಲ್ಲಿ, ನಿಂಗೆ ಕಾಣ್ತಿಲ್ಲ" ಎಂದು ದೊಡ್ಡಮ್ಮ ಡಬ್ಬ ತೆಗೆದುಕೊಂಡಳು.